ಖಾಸಗಿ ವ್ಯಕ್ತಿಯ ಬಂಧನಾಧಿಕಾರ: ಚರಿತ್ರೆ ಮತ್ತು ಮೇರೆ

ಅಪರಾಧಿಯನ್ನು ಹಿಡಿಯುವ ಹೊಣೆಯು ಪೊಲೀಸ್ ವ್ಯವಸ್ಥೆಗಿಂತ ಪ್ರಾಚೀನವಾದುದು. ಇಂಗ್ಲೆಂಡಿನ 1285ರ ವಿಂಚೆಸ್ಟರ್ ಶಾಸನವು ಕಳ್ಳನನ್ನು ಬೆನ್ನಟ್ಟುವುದನ್ನೂ ತಮ್ಮ ಸ್ಥಿತಿಗೆ ತಕ್ಕ ಆಯುಧಗಳನ್ನು ಇರಿಸಿಕೊಳ್ಳುವುದನ್ನೂ ಊರವರ ಕರ್ತವ್ಯವನ್ನಾಗಿ ವಿಧಿಸಿತ್ತು. ವಸಾಹತು ಭಾರತದಲ್ಲಿ ಇವೆರಡೂ ಬೇರೆಯಾದವು. 1878ರ ಆಯುಧ ಕಾಯಿದೆಯು ಶಸ್ತ್ರಧಾರಣೆಯನ್ನು ಪರವಾನಗಿಗೆ ಒಳಪಡಿಸಿತು. 1898ರ ದಂಡ ಪ್ರಕ್ರಿಯಾ ಸಂಹಿತೆಯ 59ನೆಯ ಕಲಮು ಬಂಧನದ ಅಧಿಕಾರವನ್ನು ಮಾತ್ರ, ಅದೂ ಷರತ್ತುಗಳೊಡನೆ, ಖಾಸಗಿ ವ್ಯಕ್ತಿಗೆ ಉಳಿಸಿತು.

1973ರ ಸಂಹಿತೆಯ 43ನೆಯ ಕಲಮು ಈ ಷರತ್ತುಗಳನ್ನು ಮುಂದುವರಿಸಿತು. ಜಾಮೀನುರಹಿತವೂ ಸಂಜ್ಞೇಯವೂ ಆದ ಅಪರಾಧವು ತನ್ನ ಸಮಕ್ಷಮದಲ್ಲಿ ನಡೆದಿರಬೇಕು, ಇಲ್ಲವೆ ಹಿಡಿದವನು ಘೋಷಿತ ಅಪರಾಧಿಯಾಗಿರಬೇಕು. ಅನಗತ್ಯ ವಿಳಂಬವಿಲ್ಲದೆ ಅವನನ್ನು ಪೊಲೀಸರಿಗೆ ಒಪ್ಪಿಸಬೇಕು. ಅಪರಾಧ ನಡೆದಿದೆಯೆಂದು ನಂಬಲು ಸಾಕಷ್ಟು ಕಾರಣವಿಲ್ಲದಿದ್ದರೆ ಪೊಲೀಸರು ಅವನನ್ನು ಕೂಡಲೇ ಬಿಡಬೇಕು. ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ: ಸಮಂಜಸವಾದ ಸಂಶಯದ ಮೇಲೆ ಬಂಧಿಸುವ ಅಧಿಕಾರ ಪೊಲೀಸರಿಗುಂಟು, ಖಾಸಗಿ ವ್ಯಕ್ತಿಗಿಲ್ಲ. ಖಾಸಗಿ ರಕ್ಷಣೆಯ ಹಕ್ಕೂ ಅಗತ್ಯಕ್ಕೆ ಮೀರಿದ ಹಾನಿಯನ್ನು ಸಮರ್ಥಿಸದು.

2018ರ ಜುಲೈಯಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಮಕ್ಕಳ ಕಳ್ಳರೆಂಬ ವದಂತಿಯನ್ನು ನಂಬಿದ ಗುಂಪು ಹೈದರಾಬಾದಿನ ಯುವಕನೊಬ್ಬನನ್ನು ಕೊಂದಿತು. ಅಲ್ಲಿ ಯಾರ ಕಣ್ಣೆದುರೂ ಅಪಹರಣ ನಡೆದಿರಲಿಲ್ಲ. ಅದೇ ತಿಂಗಳ 17ರಂದು, ಗೋರಕ್ಷಣೆಯ ಹೆಸರಿನ ಹಿಂಸೆಯನ್ನು ಕುರಿತ ಪ್ರಕರಣದಲ್ಲಿ, ಸರ್ವೋಚ್ಚ ನ್ಯಾಯಾಲಯವು ಗುಂಪುಹತ್ಯೆಯನ್ನು ತಡೆಯಲು ಜಿಲ್ಲೆಗೊಬ್ಬ ಹಿರಿಯ ಪೊಲೀಸ್ ಅಧಿಕಾರಿಯನ್ನು ನೇಮಿಸುವಂತೆ ಆದೇಶಿಸಿತು.

ಈ ಮೇರೆಯನ್ನು ಪ್ರಭುತ್ವವೇ ಮೀರಿದರೆ ಏನು? ಛತ್ತೀಸಗಢದಲ್ಲಿ 2005ರಲ್ಲಿ ಮಾವೋವಾದಿಗಳ ವಿರುದ್ಧ ಆರಂಭಗೊಂಡ ಸಲ್ವಾ ಜುಡುಂ ಇದಕ್ಕೆ ನಿದರ್ಶನ. ಅಲ್ಪ ತರಬೇತಿಯ ಆದಿವಾಸಿ ಯುವಕರನ್ನು ವಿಶೇಷ ಪೊಲೀಸ್ ಅಧಿಕಾರಿಗಳೆಂದು ನೇಮಿಸಿ ಬಂದೂಕು ನೀಡಿದುದು ಸಂವಿಧಾನದ 14 ಮತ್ತು 21ನೆಯ ವಿಧಿಗಳಿಗೆ ವಿರುದ್ಧವೆಂದು ಸರ್ವೋಚ್ಚ ನ್ಯಾಯಾಲಯವು 2011ರ ಜುಲೈ 5ರಂದು ತೀರ್ಪಿತ್ತಿತು. ಕೊಟ್ಟ ಬಂದೂಕುಗಳನ್ನು ಹಿಂಪಡೆಯಲು ಆಜ್ಞಾಪಿಸಿತು. ಅದೇ ವರ್ಷ ಆ ರಾಜ್ಯವು ಸಹಾಯಕ ಸಶಸ್ತ್ರ ಪೊಲೀಸ್ ದಳಕ್ಕೆ ಹೊಸ ಶಾಸನವನ್ನು ರಚಿಸಿತು. ಆ ಶಾಸನರಚನೆಯು ನ್ಯಾಯಾಂಗ ನಿಂದನೆಯಲ್ಲವೆಂದು ನ್ಯಾಯಾಲಯವು 2025ರಲ್ಲಿ ಹೇಳಿತು.

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 40ನೆಯ ಕಲಮು, ಹಿಡಿದವನನ್ನು ಆರು ಗಂಟೆಗಳೊಳಗೆ ಒಪ್ಪಿಸಬೇಕೆಂದು ನಿಗದಿಗೊಳಿಸಿದೆ. 'ವಿಳಂಬವಿಲ್ಲದೆ' ಎಂಬ ಹಳೆಯ ಮಾತಿಗೆ ಹೀಗೆ ಗಡಿಯಾರದ ಅಳತೆ ದೊರೆತಿದೆ. ಕಂಡುದನ್ನು ತಡೆದು ಒಪ್ಪಿಸುವಲ್ಲಿಗೆ ಖಾಸಗಿ ವ್ಯಕ್ತಿಯ ಅಧಿಕಾರ ಮುಗಿಯುತ್ತದೆ. ವಿಚಾರಣೆಯೂ ಶಿಕ್ಷೆಯೂ ಆ ಅಧಿಕಾರದ ಭಾಗವೆಂದು 1898ರಿಂದ ಇಂದಿನವರೆಗಿನ ಯಾವ ಸಂಹಿತೆಯೂ ಒಪ್ಪಿಲ್ಲ.