ಹಿಂದಿನ ಪತ್ರದ ಹೆಸರು

ತಿರುವನಂತಪುರದ ಚಾಲೈ ಪೇಟೆಯು ದಿವಾನ್ ರಾಜಾ ಕೇಶವದಾಸನ ಕಾಲದ್ದು. ಎಂದರೆ ಹದಿನೆಂಟನೆಯ ಶತಮಾನದ ಕೊನೆಯ ಭಾಗದ್ದು. ಪೇಟೆಯ ಬೀದಿಯಲ್ಲಿ ಪಶ್ಚಿಮಕ್ಕೆ ನಡೆದರೆ ಕಿಳಕ್ಕೇಕೋಟೆಯ ಬಾಗಿಲು, ಅದರಾಚೆ ಪದ್ಮನಾಭಸ್ವಾಮಿ ದೇವಾಲಯ. ಇದೇ ಕೋಟೆ ಪ್ರದೇಶದಲ್ಲಿ ಕೇರಳ ಸರಕಾರದ ಕೇಂದ್ರ ಪತ್ರಾಗಾರವಿದೆ. ದೇವಾಲಯದ ದಾಖಲೆಗಳಾದ ‘ಮತಿಲಕಂ’ ಓಲೆಗಳು ಇಂದು ಇಲ್ಲಿವೆ. ಮತಿಲಕಂ ಎಂದರೆ ಮತಿಲಿನ ಒಳಗಿನದು. ನಮ್ಮ ‘ಮದಿಲು’ ಅದರ ಸೋದರ ಪದ. 2022ರ ಡಿಸೆಂಬರಿನಲ್ಲಿ ಪತ್ರಾಗಾರದೊಳಗೇ ತಾಳೆಯೋಲೆ ವಸ್ತುಸಂಗ್ರಹಾಲಯವೂ ತೆರೆಯಿತು.

ಮತಿಲಕಂ ದಾಖಲೆಗಳ ಒಂದೊಂದು ಕಟ್ಟಿಗೆ ‘ಚುರುಣ’ ಎಂದು ಹೆಸರು. ಇಂಥ ಚುರುಣಗಳು ಸಾವಿರಗಟ್ಟಲೆ. ಲಿಪಿ ಕೆಲವೆಡೆ ವಟ್ಟೆಳುತ್ತು, ಕೆಲವೆಡೆ ಕೋಲೆಳುತ್ತು ಅಥವಾ ಮಲಯಾಳ್ಮ. ಕಾಲಗಣನೆ ಕೊಲ್ಲಂ ವರ್ಷದ್ದು. ಇತಿಹಾಸಕಾರರು ಇವುಗಳನ್ನು ಉಲ್ಲೇಖಿಸುವಾಗ ಇಂತಿಷ್ಟನೆಯ ಚುರುಣ, ಇಂತಿಷ್ಟನೆಯ ಓಲೆ ಎಂದು ಬರೆಯುತ್ತಾರೆ. ಇದು ಓಲೆ ಎಲ್ಲಿದೆ ಎಂಬುದನ್ನು ಹೇಳುವ ವಿಳಾಸ. ಆದರೆ ಈ ಓಲೆ ಯಾವ ಓಲೆಗೆ ಉತ್ತರ, ಯಾವ ಅಪ್ಪಣೆಯ ಪಾಲನೆ, ಯಾವ ತಕರಾರಿನ ಮುಂದುವರಿಕೆ ಎಂಬುದನ್ನು ವಿಳಾಸವು ಹೇಳಲಾರದು. ಓಲೆಗಳಿಗೆ ತೂತು ಕೊರೆದು ಪೋಣಿಸಿದ ದಾರವೇ ಆ ಸಂಬಂಧವನ್ನು ಕಾಯುತ್ತಿತ್ತು. ದಾರ ಜೀರ್ಣವಾದರೆ ಓಲೆಗಳು ಉಳಿಯುತ್ತವೆ, ಸಂಬಂಧ ಅಳಿಯುತ್ತದೆ.

ಇದು ಕೇವಲ ವಿದ್ವಾಂಸರ ಚಿಂತೆಯೆಂದು ತಿಳಿಯಬೇಕಾಗಿಲ್ಲ. ಕೊಲ್ಲಂ ವರ್ಷ 925ರ ಮಕರ ಮಾಸದಲ್ಲಿ, ಎಂದರೆ 1750ರ ಜನವರಿಯಲ್ಲಿ, ಮಾರ್ತಾಂಡವರ್ಮನು ತನ್ನ ರಾಜ್ಯವನ್ನೇ ಪದ್ಮನಾಭನಿಗೆ ಅರ್ಪಿಸಿದನು. 2011ರಿಂದ 2020ರವರೆಗೆ ಸರ್ವೋಚ್ಚ ನ್ಯಾಯಾಲಯದಲ್ಲಿ ನಡೆದ ದೇವಾಲಯದ ಮೊಕದ್ದಮೆಯಲ್ಲಿ ಈ ದಾನದ ಇತಿಹಾಸವೂ ಚರ್ಚೆಗೆ ಬಂದಿತು. ಇನ್ನೂರೈವತ್ತು ವರ್ಷಗಳ ಬಳಿಕವೂ ಹಳೆಯ ಬರೆಹವೊಂದು ನ್ಯಾಯದ ಕಟ್ಟೆಯನ್ನು ಏರಬಲ್ಲುದು. ಅಲ್ಲಿ ಅದಕ್ಕೆ ಬಲ ಬರುವುದು ಹಿಂದು ಮುಂದಿನ ಬರೆಹಗಳ ಜೊತೆಗೆ ನಿಂತಾಗ.

ಕನ್ನಡನಾಡಿನಲ್ಲಿ ಇದೇ ಪ್ರಶ್ನೆಯ ಇನ್ನೊಂದು ಮುಖ ಶೃಂಗೇರಿಯಲ್ಲಿದೆ. ‘ಕಡತ’ ಎಂದು ನಾವು ಇಂದು ಕಚೇರಿಯ ಫೈಲಿಗೆ ಹೇಳುವ ಮಾತು ಮೂಲದಲ್ಲಿ, ಹುಣಿಸೆಬೀಜದ ಅಂಟು ಮತ್ತು ಇದ್ದಿಲಪುಡಿ ಬಳಿದು ಕಪ್ಪಾಗಿಸಿದ, ಬಳಪದಿಂದ ಬರೆಯುವ ಮಡಿಕೆ ಬಟ್ಟೆಯ ಹೆಸರು. ಶೃಂಗೇರಿ ಮಠದಲ್ಲಿ ಇಂಥ ಕಡತಗಳೂ ಪತ್ರಗಳೂ ಉಳಿದಿವೆ. 1916ರಲ್ಲಿ ಮೈಸೂರು ಪುರಾತತ್ತ್ವ ಇಲಾಖೆಯ ಆರ್. ನರಸಿಂಹಾಚಾರ್ಯರು ಅಲ್ಲಿ ಟಿಪ್ಪು ಸುಲ್ತಾನನು ಸ್ವಾಮಿಗಳಿಗೆ ಬರೆಸಿದ ಕನ್ನಡ ಪತ್ರಗಳನ್ನು ಬೆಳಕಿಗೆ ತಂದರು. ಸುಮಾರು ಮೂವತ್ತು ಪತ್ರಗಳು. 1791ರಲ್ಲಿ ಮರಾಠ ಸೇನೆಯ ಸವಾರರು ಶೃಂಗೇರಿಯನ್ನು ಕೊಳ್ಳೆ ಹೊಡೆದ ಸಂಗತಿ ಇವುಗಳಲ್ಲಿ ಬರುತ್ತದೆ.

ಪತ್ರವೆಂಬುದು ಬರೆದವರ ಮನೆಯಲ್ಲಿ ಉಳಿಯುವುದಿಲ್ಲ, ಪಡೆದವರ ಮನೆಯಲ್ಲಿ ಉಳಿಯುತ್ತದೆ. ಸ್ವಾಮಿಗಳು ಬರೆಸಿದ ಮೂಲಪತ್ರಗಳು ಸುಲ್ತಾನನ ಕಡೆಗೆ ಹೋದವು. 1799ರಲ್ಲಿ ಶ್ರೀರಂಗಪಟ್ಟಣವೇ ಬಿದ್ದಿತು. ಹೀಗಿದ್ದೂ ಮಠದಿಂದ ಹೋದ ಮಾತು ಪೂರ್ತಿ ಕಳೆದುಹೋಗಲಿಲ್ಲ. ನಿಮ್ಮ ಪತ್ರ ತಲುಪಿತು, ಅದರಲ್ಲಿ ಇಂತಿಂಥ ವಿಷಯ ತಿಳಿಯಿತು ಎಂದು ಮೊದಲು ಒಪ್ಪಿಕೊಂಡು ಆಮೇಲೆ ಉತ್ತರ ಕೊಡುವುದು ಆ ಕಾಲದ ಲಿಪಿಕಾರರ ಕ್ರಮವಾಗಿತ್ತು. ಆದ್ದರಿಂದ ಕಾಣದ ಪತ್ರದ ನೆರಳು ಕಾಣುವ ಪತ್ರದ ಮೇಲೆ ಬಿದ್ದಿದೆ. ಇಲ್ಲಿ ದಾರವಿರುವುದು ಕಟ್ಟಿನಲ್ಲಲ್ಲ, ಪತ್ರದ ಒಡಲಿನಲ್ಲಿ.

ಬ್ರಿಟಿಷರ ಕಾಲದ ಕಚೇರಿಯು ಈ ಸೌಜನ್ಯವನ್ನೇ ನಿಯಮವನ್ನಾಗಿ ಮಾಡಿತು. ಬಂದ ಕಾಗದಕ್ಕೊಂದು ಸಂಖ್ಯೆ, ಹೋದ ಕಾಗದಕ್ಕೊಂದು ಸಂಖ್ಯೆ, ಪ್ರತಿ ಉತ್ತರದ ತಲೆಯ ಮೇಲೆ ಹಿಂದಿನದರ ಸಂಖ್ಯೆ ಮತ್ತು ತಾರೀಖು. ಕನ್ನಡದ ಸರಕಾರಿ ಪತ್ರದಲ್ಲಿ ‘ವಿಷಯ’ದ ಕೆಳಗೆ ‘ಉಲ್ಲೇಖ’ ಎಂಬ ಸಾಲು ಬಂದದ್ದು ಹೀಗೆ. ಕೇಂದ್ರ ಸರಕಾರದ ಕಚೇರಿಗಳಲ್ಲಿ ದುಡಿಯುವ ನಮ್ಮಂಥವರು ಟಿಪ್ಪಣಿ ಹಾಳೆಯ ಅಂಚಿನಲ್ಲಿ ಪೆನ್ಸಿಲಿನಿಂದ ಪುಟಸಂಖ್ಯೆ ಗುರುತಿಸುತ್ತ ಬಂದದ್ದೂ ಅದೇ ಪರಂಪರೆ. ಉಲ್ಲೇಖ ಬಿಟ್ಟ ಪತ್ರವು ಮೇಜಿನಿಂದ ಮೇಜಿಗೆ ಅನಾಥವಾಗಿ ಅಲೆಯುವುದನ್ನು ಕಚೇರಿ ಕಂಡವರೆಲ್ಲರೂ ಬಲ್ಲರು.

ಗಣಕಯಂತ್ರದ ಅಂಚೆ ಹುಟ್ಟಿದಾಗ ಈ ‘ಉಲ್ಲೇಖ’ವೂ ಅದರೊಡನೆ ಹೋಯಿತು. ಅಮೆರಿಕದ ಆರ್ಪಾನೆಟ್ ಜಾಲಕ್ಕಾಗಿ 1977ರಲ್ಲಿ ಪ್ರಕಟವಾದ 733ನೆಯ ಶಿಷ್ಟ ದಾಖಲೆಯೂ, 1982ರಲ್ಲಿ ಅದರ ಸ್ಥಾನಕ್ಕೆ ಬಂದ 822ನೆಯದೂ ಮೂರು ಸಾಲುಗಳಿಗೆ ಸ್ಥಳ ಕೊಟ್ಟವು: ಪತ್ರದ ಸ್ವಂತ ಗುರುತು, ಅದು ಯಾವುದಕ್ಕೆ ಉತ್ತರ, ಮತ್ತು ಉಲ್ಲೇಖಗಳು. ಗುರುತೆಂದರೆ ಇನ್ನಾವ ಪತ್ರಕ್ಕೂ ಇರದಂಥ ಹೆಸರು. ಕಳುಹಿಸುವ ಯಂತ್ರವೇ ಅದನ್ನು ಇಡುತ್ತದೆ. ಓದುಗನ ಕಣ್ಣಿಗೆ ಅದು ಸಾಮಾನ್ಯವಾಗಿ ಬೀಳುವುದಿಲ್ಲ.

ಈ ಸಾಲುಗಳನ್ನು ಹಿಡಿದು ಚದುರಿದ ಪತ್ರಗಳನ್ನು ಎಳೆಯಾಗಿ ಪೋಣಿಸುವ ಬಗೆಯನ್ನು 1990ರ ದಶಕದಲ್ಲಿ ನೆಟ್‌ಸ್ಕೇಪ್ ಸಂಸ್ಥೆಯ ಜೇಮಿ ಝವಿನ್‌ಸ್ಕಿ ರೂಪಿಸಿದರು. ಅದರ ಸಾರ ಸರಳ. ಪ್ರತಿಯೊಂದು ಗುರುತಿಗೂ ಒಂದು ಗೂಡು. ಪತ್ರ ಕೈಯಲ್ಲಿದ್ದರೆ ಅದು ಗೂಡಿನಲ್ಲಿ ಕೂರುತ್ತದೆ. ಪತ್ರವಿಲ್ಲ, ಆದರೆ ಇನ್ನೊಂದು ಪತ್ರ ಅದನ್ನು ಉಲ್ಲೇಖಿಸಿದೆ ಎಂದಾದರೆ ಗೂಡು ಖಾಲಿಯಾಗಿ ನಿಲ್ಲುತ್ತದೆ. ಅದರ ಮಕ್ಕಳು ಅದರ ಕೆಳಗೇ ಸೇರುತ್ತಾರೆ. ವಿಷಯದ ಸಾಲಿನ ಹೋಲಿಕೆಯನ್ನು ಈ ವಿಧಾನ ಕೊನೆಯ ಆಸರೆಯಾಗಿ ಮಾತ್ರ ಬಳಸುತ್ತದೆ. ‘ರಜೆಯ ಬಗ್ಗೆ’ ಎಂಬ ವಿಷಯದ ನೂರು ಪತ್ರಗಳು ನೂರು ಜನರವಾಗಿರಬಹುದಷ್ಟೆ. 2008ರಲ್ಲಿ ಈ ವಿಧಾನವನ್ನು ಆಧರಿಸಿದ ಕ್ರಮ 5256ನೆಯ ಶಿಷ್ಟ ದಾಖಲೆಯಲ್ಲಿ ಸೇರಿತು.

2009ರಲ್ಲಿ ಕಾರ್ಲ್ ವರ್ತ್ ಆರಂಭಿಸಿದ ‘ನಾಟ್‌ಮಚ್’ ಎಂಬ ಮುಕ್ತ ತಂತ್ರಾಂಶವು ಇದನ್ನು ಪತ್ರಸೂಚಿಯೊಡನೆ ಬೆಸೆಯಿತು. ಅದರ ತಿರುಳು ಒಂದು ‘ಲೈಬ್ರರಿ’. ಎಂದರೆ ಬೇರೆ ತಂತ್ರಾಂಶಗಳೂ ಕರೆದು ಬಳಸಿಕೊಳ್ಳಬಹುದಾದ ಕ್ರಮವಿಧಿಗಳ ಸಂಚಯ. ಅದು ಪತ್ರದ ಬರೆಹವನ್ನು ತಿದ್ದುವುದಿಲ್ಲ. ಪಕ್ಕದಲ್ಲಿ ಪದಸೂಚಿಯನ್ನೂ ಎಳೆಗಳ ಲೆಕ್ಕವನ್ನೂ ಇಡುತ್ತದೆ. ಕೈಗೆ ಸಿಗದ, ಆದರೆ ಉಲ್ಲೇಖಗೊಂಡ ಪತ್ರವನ್ನು ಅದರ ಕರ್ತೃಗಳು ‘ಘೋಸ್ಟ್’, ಎಂದರೆ ಪ್ರೇತ ಎಂದು ಕರೆದಿದ್ದಾರೆ. ಕಾಣೆಯಾದ ಪತ್ರ ಒಂದು ದಿನ ಬಂದರೆ ಪ್ರೇತಕ್ಕೆ ಮೈ ಬರುತ್ತದೆ. ಬೇರೆಯೆಂದು ತೋರಿದ್ದ ಎರಡು ಎಳೆಗಳನ್ನು ಅದೊಂದೇ ಕೂಡಿಸಲೂಬಹುದು.

ಶೃಂಗೇರಿಯ ಪತ್ರಗಳ ಎದುರು ಇತಿಹಾಸಕಾರನು ಮಾಡುವುದೂ ಇದನ್ನೇ ಅಲ್ಲವೆ? ಇಲ್ಲದ ಪತ್ರವನ್ನು ಅವನು ಕಲ್ಪಿಸಿ ಬರೆಯುವುದಿಲ್ಲ, ಅದು ಇರಲೇ ಇಲ್ಲವೆಂದೂ ಹೇಳುವುದಿಲ್ಲ. ಅದಕ್ಕೊಂದು ಸ್ಥಳ ಬಿಡುತ್ತಾನೆ. ಕೋಟೆಯ ಪತ್ರಾಗಾರದಂಥ ಕಡೆಗಳಲ್ಲಿ ಓಲೆಗಳ ಛಾಯಾಪ್ರತಿ ತೆಗೆದರೆ ಓಲೆಯ ರೂಪ ಉಳಿದೀತು. ಓಲೆ ಓಲೆಯ ನಂಟು ಉಳಿಯಬೇಕಾದರೆ ಅದನ್ನು ಓದಿ, ಉಲ್ಲೇಖಗಳನ್ನು ಗುರುತಿಸಿ, ಸಿಗದವಕ್ಕೂ ಹೆಸರಿಟ್ಟು ಬರೆದಿಡಬೇಕು. ಅದು ಯಂತ್ರಕ್ಕಿಂತ ಮೊದಲು ಲಿಪಿ ಬಲ್ಲವರ ಕೆಲಸ. ಅಂಥವರು ವರ್ಷದಿಂದ ವರ್ಷಕ್ಕೆ ವಿರಳರಾಗುತ್ತಿದ್ದಾರೆ.

ಗಡಿಯ ಕನ್ನಡಿಗರಿಗೆ ಈ ಮಾತು ಇನ್ನೂ ಹತ್ತಿರದ್ದು. ಕಾಸರಗೋಡು 1956ರ ನವೆಂಬರ್ 1ರವರೆಗೆ ಮದರಾಸು ಆಡಳಿತದ ಕಾಲದ ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕು. ಜಿಲ್ಲಾ ಕಚೇರಿ ಮಂಗಳೂರಿನಲ್ಲಿ. 1957ರಲ್ಲಿ ಅದು ಹೊಸ ಕಣ್ಣೂರು ಜಿಲ್ಲೆಗೆ ಸೇರಿತು. 1984ರಲ್ಲಿ ತಾನೇ ಜಿಲ್ಲೆಯಾಯಿತು. ಒಂದೇ ಹೊಲದ ಕಾಗದದ ಉಲ್ಲೇಖಗಳು ಮೂರು ಊರುಗಳಿಗೂ ಎರಡು ಭಾಷೆಗಳಿಗೂ ಬೆರಳು ತೋರಬಹುದು. ಜಿಲ್ಲೆಯ ಹೆಸರು ಬದಲಾಗುತ್ತದೆ, ಕಟ್ಟು ಬೇರೆ ಕಪಾಟಿಗೆ ಹೋಗುತ್ತದೆ. ಹಿಂದಿನ ಪತ್ರದ ಸಂಖ್ಯೆ ಮತ್ತು ತಾರೀಖು ಬರೆದ ಆ ಒಂದು ಸಾಲು ಮಾತ್ರ ಕಾಗದದ ಜೊತೆಗೇ ಸಾಗುತ್ತದೆ.

ಹೊರನಾಡಿನ ನಮ್ಮ ಕನ್ನಡ ಸಂಘಗಳ ಪೆಟ್ಟಿಗೆಗಳಲ್ಲಿಯೂ ಪತ್ರಗಳಿವೆ, ನಡಾವಳಿಗಳಿವೆ. ಅವುಗಳನ್ನು ಜೋಡಿಸುವವರು ಪ್ರತಿಯೊಂದಕ್ಕೂ ಒಂದು ಗುರುತು ಕೊಡಲಿ. ಅದು ಯಾವುದಕ್ಕೆ ಉತ್ತರವೆಂಬುದನ್ನು ಪಕ್ಕದಲ್ಲಿ ಬರೆಯಲಿ. ಸಿಗದ ಪತ್ರಕ್ಕೆ ಪಟ್ಟಿಯಲ್ಲಿ ಒಂದು ಸಾಲು ಖಾಲಿ ಬಿಡಲಿ. ಆ ಪತ್ರ ಇನ್ನಾರದೋ ಮನೆಯ ಅಟ್ಟದ ಮೇಲೆ ಇದ್ದೀತು.