ಓದಿಗೊಂದು ಪೀರಿಯಡ್ ಇಲ್ಲದ ವಾರ

ನಮ್ಮ ಪ್ರೌಢಶಾಲೆಯ ಇಂಗ್ಲಿಷ್ ಮೇಷ್ಟರು ಮುಂದಿನ ವಾರದ ಪಾಠ ಗೊತ್ತುಮಾಡಿಕೊಳ್ಳಲು ಕೂರುವ ಹೊತ್ತಿಗೆ ಆ ವಾರ ಆಗಲೇ ಹೋಳಾಗಿರುತ್ತದೆ. ಗದ್ಯಕ್ಕೆ ಇಷ್ಟು ಪೀರಿಯಡ್, ಪದ್ಯಕ್ಕೆ ಇಷ್ಟು, ವ್ಯಾಕರಣಕ್ಕೆ, ಪತ್ರಲೇಖನಕ್ಕೆ ಒಂದೊಂದು, ಸಮಯ ಮಿಕ್ಕರೆ ಪೂರಕ ಓದು. ಪಾಠ ಹೇಳುವ ಸಹಜ ಕ್ರಮವೇ ಇದೆಂದು ಒಪ್ಪಿಕೊಂಡಿದ್ದೇವೆ. ಚರಿತ್ರೆ ನೋಡಿದರೆ ಹಾಗೆ ಅನಿಸುವುದಿಲ್ಲ. ಈ ಹೋಳುಗಳನ್ನು ಮಾಡಿದ್ದು ಪ್ರಶ್ನೆಪತ್ರಿಕೆ. ಒಂದು ಕೃತಿಯನ್ನು ಮೊದಲಿನಿಂದ ಕೊನೆಯವರೆಗೆ ಓದಿ ಅನುಭವಿಸುವುದಕ್ಕೆ ಈ ವಾರದಲ್ಲಿ ಜಾಗ ಸಿಕ್ಕಿದ್ದೇ ಅಪರೂಪ.

1844ರಲ್ಲಿ ಗವರ್ನರ್ ಜನರಲ್ ಹಾರ್ಡಿಂಜ್ ಸರ್ಕಾರಿ ನೌಕರಿಗೆ ಇಂಗ್ಲಿಷ್ ಕಲಿತವರಿಗೇ ಆದ್ಯತೆ ಎಂದು ನಿರ್ಣಯ ಹೊರಡಿಸಿದ. 1857ರಲ್ಲಿ ಮದರಾಸು, ಮುಂಬಯಿ, ಕಲ್ಕತ್ತಾ ವಿಶ್ವವಿದ್ಯಾಲಯಗಳು ಹುಟ್ಟಿದವು. ಧಾರವಾಡ, ಬೆಳಗಾವಿಯ ಹುಡುಗರು ಮುಂಬಯಿಯ ಮೆಟ್ರಿಕ್ಯುಲೇಶನ್ನಿಗೆ ಕೂತರು. ಮಂಗಳೂರಿನವರಿಗೆ ಮದರಾಸು, 1916ರಲ್ಲಿ ಮೈಸೂರು ವಿಶ್ವವಿದ್ಯಾಲಯ ಬರುವವರೆಗೆ ಮೈಸೂರು ಸಂಸ್ಥಾನದವರಿಗೂ ಅದೇ ಗತಿ. ಇಂಗ್ಲಿಷ್ ಸಾಹಿತ್ಯದ ಪಾಠ ಹೇಗಿರಬೇಕೆಂಬುದಕ್ಕೆ ಇಂಗ್ಲೆಂಡಿನಲ್ಲೇ ಆಗ ಗಟ್ಟಿಯಾದ ಮಾದರಿ ಇರಲಿಲ್ಲ. ಆಕ್ಸ್‌ಫರ್ಡ್‌ನಲ್ಲಿ ಅದಕ್ಕೊಂದು ವಿಭಾಗ ಏರ್ಪಟ್ಟದ್ದು 1894ರಲ್ಲಿ. ಆ ಸಾಹಿತ್ಯ ಶಾಲಾವಿಷಯವಾಗಿ ಮೊದಲು ಬೇರೂರಿದ್ದು ವಸಾಹತು ಭಾರತದಲ್ಲಿ ಎಂದು ಗೌರಿ ವಿಶ್ವನಾಥನ್ 1989ರ ತಮ್ಮ ಪುಸ್ತಕದಲ್ಲಿ ತೋರಿಸಿದ್ದಾರೆ. ಹಾಗಾಗಿ ಕೈಗೆ ಸಿಕ್ಕಿದ ಮಾದರಿ ಲ್ಯಾಟಿನ್, ಗ್ರೀಕ್ ಪಾಠದ್ದು: ಸಾಲು ಬಿಡಿಸು, ಕಠಿಣ ಪದಕ್ಕೆ ಅರ್ಥ ಬರೆ, ಪದ್ಯವನ್ನು ಗದ್ಯಕ್ಕಿಳಿಸು. ಅನ್ವಯ, ಪ್ರತಿಪದಾರ್ಥ, ತಾತ್ಪರ್ಯಗಳಲ್ಲಿ ಪಳಗಿದ್ದ ನಮ್ಮ ಪಂಡಿತ ಪರಂಪರೆಗೆ ಇದು ಹೊಸದೆನಿಸಿರಲಾರದು. ಆದರೆ ಒಂದು ವ್ಯತ್ಯಾಸವಿತ್ತು, ಅದು ಸಣ್ಣದೇನಲ್ಲ. ಪಾಠಶಾಲೆಯ ಶಿಷ್ಯ ರಘುವಂಶವನ್ನು ಹಿಡಿದರೆ ಗುರುವಿನೊಡನೆ ಸರ್ಗದಿಂದ ಸರ್ಗಕ್ಕೆ ನಡೆಯುತ್ತಿದ್ದ, ವಿವರಣೆ ಕಾವ್ಯದ ಜೊತೆಗೇ ಸಾಗುತ್ತಿತ್ತು. ಹೈಸ್ಕೂಲಿನ ಹುಡುಗನ ರೀಡರಿನಲ್ಲಿದ್ದದ್ದು ಆಯ್ದ ತುಣುಕುಗಳು. ಒಂದು ಉತ್ತರದಲ್ಲಿ ಬರೆದು ಮುಗಿಸಬಹುದಾದಷ್ಟು ಸಾಮಗ್ರಿಯೇ ಒಂದು ಪಾಠವೆನಿಸಿಕೊಂಡಿತು.

ಪರೀಕ್ಷೆ ವಾರವನ್ನು ಹೋಳು ಮಾಡಿದರೆ, ಪ್ರತಿ ಪೀರಿಯಡನ್ನು ಮತ್ತೆ ಹೋಳು ಮಾಡಿದ್ದು ಶಿಕ್ಷಕರ ತರಬೇತಿ. ಜರ್ಮನಿಯ ಹೆರ್ಬಾರ್ಟ್ (1776-1841) ಕಲಿಕೆಯ ಹಂತಗಳ ಬಗ್ಗೆ ಚಿಂತಿಸಿದ್ದ. ಅವನ ಅನುಯಾಯಿಗಳಾದ ಜಿಲ್ಲರ್, ರೈನ್ ಅವುಗಳನ್ನು ಐದಕ್ಕೆ ಏರಿಸಿದರು: ಸಿದ್ಧತೆ, ನಿರೂಪಣೆ, ಹೋಲಿಕೆ, ಸಾಮಾನ್ಯೀಕರಣ, ಅನ್ವಯ. ಈ ಐದೂ ಹಂತಗಳು ಉದ್ದೇಶಿತವಾಗಿದ್ದದ್ದು ಹಲವು ದಿನ ಹಿಡಿಯಬಹುದಾದ ಒಂದು ಇಡೀ ಘಟಕಕ್ಕೆ. ಬ್ರಿಟಿಷ್ ತರಬೇತಿ ಕಾಲೇಜುಗಳ ಮೂಲಕ ಇಲ್ಲಿಗೆ ಬರುವಷ್ಟರಲ್ಲಿ ಅವು ದಿನದಿನದ ಪಾಠ ಟಿಪ್ಪಣಿಯ ಅಂಕಣಗಳಾದವು. ನಲವತ್ತು ನಿಮಿಷದ ಪದ್ಯಪಾಠಕ್ಕೂ ಪೀಠಿಕೆ ಪ್ರಶ್ನೆ, ಕೊನೆಗೆ ಮೌಲ್ಯಮಾಪನ ಪ್ರಶ್ನೆ, ನಡುವೆ ಪದ್ಯ. ಮಕ್ಕಳ ಮನಸ್ಸಿನ ಬಗ್ಗೆ ಅಷ್ಟು ಗಂಭೀರವಾಗಿ ಯೋಚಿಸಿದ ಒಂದು ಸಿದ್ಧಾಂತ ತಪಾಸಣಾಧಿಕಾರಿಗೆ ತೋರಿಸಬೇಕಾದ ಪುಸ್ತಕದಲ್ಲಿ ಕೊನೆಗೊಂಡದ್ದು ಈ ಚರಿತ್ರೆಯಲ್ಲಿ ನನಗೆ ಅತ್ಯಂತ ನೋವಿನ ಸಂಗತಿ.

ಇದಕ್ಕೆ ಬಲವಾದ ಆಕ್ಷೇಪವಿದೆ. ಮನೆಯಲ್ಲಿ ಇಂಗ್ಲಿಷ್ ಸುಳಿಯದ ಹುಡುಗ ಹುಡುಗಿಯರಿಗೆ ನಿಗದಿತ ಪಾಠ, ನಿಗದಿತ ಪ್ರಶ್ನೆಗಳೇ ಆಸರೆ. ಅದಿಲ್ಲದಿದ್ದರೆ ಕಾನ್ವೆಂಟಿನವರು ಮಾತ್ರ ಗೆಲ್ಲುತ್ತಿದ್ದರು ಎಂಬುದು. ಪರೀಕ್ಷೆಯ ಮಟ್ಟಿಗೆ ಇದನ್ನು ಒಪ್ಪಲೇಬೇಕು. ಹಳ್ಳಿಯಿಂದ ಬಂದ ಎಷ್ಟೋ ಜನರ ಮುಂದೆ ಬಾಗಿಲು ತೆರೆದದ್ದು ಆ ಒಂದೇ ಅಳತೆಗೋಲು. ಆದರೆ ವರ್ಷದ ಕೊನೆಗೆ ಅಳೆಯುವುದು ಬೇರೆ, ವರ್ಷವಿಡೀ ಅಳತೆಯ ಆಕಾರದಲ್ಲೇ ಉಣಬಡಿಸುವುದು ಬೇರೆ. ಆರ್.ಕೆ. ನಾರಾಯಣ್ ಕಾಲೇಜು ಪ್ರವೇಶದ ಪರೀಕ್ಷೆಯಲ್ಲಿ ಫೇಲಾದರು. ಅವರು ಓದುಗರಾದದ್ದು ತಂದೆ ಹೆಡ್ ಮಾಸ್ಟರಾಗಿದ್ದ ಮೈಸೂರಿನ ಶಾಲೆಯ ಗ್ರಂಥಾಲಯದಲ್ಲಿ, ಯಾರೂ ಪ್ರಶ್ನೆ ಕೇಳದ ಪುಸ್ತಕಗಳ ನಡುವೆ. ಪ್ರತಿಭಾವಂತರ ಮಾತು ಬಿಡಿ, ಸಾಮಾನ್ಯ ತರಗತಿಗೆ ಅದು ಪ್ರಮಾಣವಲ್ಲ ಎನ್ನಬಹುದು. ಸರಿ, ಸಾಮಾನ್ಯ ತರಗತಿಯನ್ನೇ ನೋಡೋಣ. ಢಾಕಾದಲ್ಲಿ ಕೆಲಸ ಮಾಡಿದ ಮೈಕೇಲ್ ವೆಸ್ಟ್ 1926ರಲ್ಲಿ ಬಂಗಾಳದ ಮಕ್ಕಳ ಬಗ್ಗೆ ಬರೆದಾಗ ಎತ್ತಿದ ಪ್ರಶ್ನೆ ಇದೇ: ನಡುವೆಯೇ ಶಾಲೆ ಬಿಡುವ ಬಹುಪಾಲು ಮಕ್ಕಳ ಕೈಯಲ್ಲಿ ಏನು ಉಳಿಯುತ್ತದೆ? ಅವನ ಉತ್ತರ, ಮೊದಲು ಓದುವ ಶಕ್ತಿ. ಮಿತವಾದ ಪದಗಳಲ್ಲಿ ತಿಳಿಯಾಗಿ ಬರೆದ ಕಥೆಗಳನ್ನು ಹೆಚ್ಚು ಹೆಚ್ಚು ಓದಿಸಬೇಕು. ಬಡ ಮಗುವಿಗೆ ಓದು ದುಬಾರಿ ಎಂಬ ವಾದವನ್ನು ಅವನು ಹೀಗೆ ತಲೆಕೆಳಗು ಮಾಡಿದ. ಬೇಗ ಶಾಲೆ ಬಿಡುವ ಮಗುವಿಗೇ ಅದು ಹೆಚ್ಚು ಅಗತ್ಯ.

ನಮ್ಮಲ್ಲಿ ಆ ಆಸೆಗೆ ಸಿಕ್ಕಿದ ರೂಪ ನಾನ್-ಡಿಟೇಲ್ಡ್ ಪುಸ್ತಕ. ಸಾಲು ಸಾಲು ಬಿಡಿಸದೆ, ಕಥೆಯ ಓಟದಲ್ಲಿ ಓದಿಕೊಳ್ಳಲಿ ಎಂಬುದು ಅದರ ಹಿಂದಿದ್ದ ಉದಾರ ವಿಚಾರ. ಲ್ಯಾಂಬ್ ಅಕ್ಕ-ತಮ್ಮಂದಿರು 1807ರಲ್ಲಿ ಮಕ್ಕಳಿಗೆಂದು ಬರೆದ ಶೇಕ್ಸ್‌ಪಿಯರ್ ಕಥೆಗಳಂಥವು ಈ ಬಗೆಯ ಓದಿಗೆ ಹೇಳಿ ಮಾಡಿಸಿದಂತಿದ್ದವು. ಆದರೆ ಅದಕ್ಕೂ ಅಂಕ ಬಂತು, ಅಂಕ ಬಂದಲ್ಲಿಗೆ ಸಾರಾಂಶ ಬಂತು, ಸಾರಾಂಶ ಬಂದಲ್ಲಿಗೆ ಗೈಡು ಬಂತು. 1979ರಿಂದ 1984ರವರೆಗೆ ಎನ್.ಎಸ್. ಪ್ರಭು ಅವರು ಬೆಂಗಳೂರಿನ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಯ ಜೊತೆ ಸೇರಿ ದಕ್ಷಿಣ ಭಾರತದ ಕೆಲವು ಶಾಲೆಗಳಲ್ಲಿ ಇನ್ನೊಂದು ದಾರಿ ಹಿಡಿದರು. ವ್ಯಾಕರಣದ ಪಟ್ಟಿಯನ್ನು ಬದಿಗಿಟ್ಟು, ರೈಲ್ವೆ ವೇಳಾಪಟ್ಟಿ, ನಕ್ಷೆಗಳಂಥವನ್ನು ಕೊಟ್ಟು, ಅರ್ಥ ಹುಡುಕುವ ಕೆಲಸದಲ್ಲಿ ಮಕ್ಕಳನ್ನು ತೊಡಗಿಸಿದರು. ಅದರಲ್ಲಿ ಸಾಹಿತ್ಯವಿರಲಿಲ್ಲ ಎಂಬುದು ನಿಜ. ಆದರೂ ಸಾಹಿತ್ಯದ ಮೇಷ್ಟರಿಗೆ ಅಲ್ಲಿ ಕಲಿಯುವುದಿದೆ: ಬಿಡಿಸಬೇಕಾದ ಒಂದು ಗಂಟು ಎದುರಿಗಿದ್ದರೆ ಭಾಷೆ ಬಾರದ ಮಕ್ಕಳೂ ಇಂಗ್ಲಿಷನ್ನು ಗಮನವಿಟ್ಟು ಓದುತ್ತಾರೆ. ಒಳ್ಳೆಯ ಕಥೆಯಲ್ಲಿ ಅಂಥ ಗಂಟು ಇದ್ದೇ ಇರುತ್ತದೆ. ಸೋಮವಾರ ಒಂದು ಪುಟ, ಗುರುವಾರ ಇನ್ನೊಂದು ಪುಟವೆಂದು ಕತ್ತರಿಸದೆ, ವಾರದ ಮೂರು ಪೀರಿಯಡ್ ಸಾಲಾಗಿ ಬಿಟ್ಟುಕೊಟ್ಟರೆ ಮಕ್ಕಳು ಅದರ ಕೊನೆ ಮುಟ್ಟಬಲ್ಲರು.