ಬೆಳೆ ತಳಿಗಳ ಜಾಗತಿಕ ಒಪ್ಪಂದ: ಸುಧಾರಣೆಯ ಅಗತ್ಯ ಮತ್ತು ಬೀದರ್ ಜಿಲ್ಲೆಯ ತೊಗರಿ

ಪೀಠಿಕೆ

ಬೀದರ್ ಜಿಲ್ಲೆಯ ಬಸವಕಲ್ಯಾಣ ತಾಲ್ಲೂಕಿನ ರಾಜೇಶ್ವರ ಹೋಬಳಿ ಹಾಗೂ ನೆರೆಯ ಹುಮನಾಬಾದ್ ತಾಲ್ಲೂಕು ಬಹುಮಟ್ಟಿಗೆ ಮಳೆಯಾಶ್ರಿತ ಬೇಸಾಯದ ಪ್ರದೇಶಗಳಾಗಿರುತ್ತವೆ. ತೊಗರಿ, ಉದ್ದು, ಹೆಸರು, ಸೋಯಾಅವರೆ, ಜೋಳ, ಕಡಲೆ ಮತ್ತು ಕಬ್ಬು ಇಲ್ಲಿನ ಪ್ರಮುಖ ಬೆಳೆಗಳು. ನೀರು, ಅರಣ್ಯಗಳಂತೆ ಬೆಳೆಗಳ ತಳಿ ವೈವಿಧ್ಯವೂ ಪರಿಸರ ಸಂಪತ್ತೇ ಆಗಿದ್ದು, ಅದರ ರಕ್ಷಣೆ ಮತ್ತು ಹಂಚಿಕೆಯನ್ನು ನಿಯಂತ್ರಿಸುವ ಅಂತಾರಾಷ್ಟ್ರೀಯ ವ್ಯವಸ್ಥೆಯ ಸುಧಾರಣೆಯು ಈ ಭಾಗದ ರೈತರಿಗೂ ಸಂಬಂಧಿಸಿದ ವಿಷಯವಾಗಿದೆ.

ಪಟಾನ್‌ಚೆರು ತಳಿ ಭಂಡಾರ

ಹುಮನಾಬಾದ್ ಮೂಲಕ ಹಾದುಹೋಗುವ ಪುಣೆ-ಹೈದರಾಬಾದ್ ಹೆದ್ದಾರಿಯಲ್ಲಿಯೇ ಮುಂದೆ, ತೆಲಂಗಾಣದ ಪಟಾನ್‌ಚೆರುವಿನಲ್ಲಿ, 1972ರಲ್ಲಿ ಸ್ಥಾಪನೆಯಾದ ಇಕ್ರಿಸ್ಯಾಟ್ ಸಂಸ್ಥೆ ಇದೆ. ಅಲ್ಲಿನ ತಳಿ ಭಂಡಾರದಲ್ಲಿ ಜೋಳ, ಸಜ್ಜೆ, ಕಡಲೆ, ತೊಗರಿ, ಶೇಂಗಾ ಮತ್ತು ಕಿರುಧಾನ್ಯಗಳ 1.2 ಲಕ್ಷಕ್ಕೂ ಅಧಿಕ ಮಾದರಿಗಳನ್ನು ಸಂರಕ್ಷಿಸಲಾಗಿದ್ದು, ತೊಗರಿಯ ಮಾದರಿಗಳೇ 13 ಸಾವಿರಕ್ಕೂ ಹೆಚ್ಚಿವೆ.

ಇದರ ಪ್ರಯೋಜನವನ್ನು ಈ ಭಾಗದ ರೈತರು ಪ್ರತ್ಯಕ್ಷವಾಗಿ ಕಂಡಿದ್ದಾರೆ. ತೊಗರಿಗೆ ತಗಲುವ ನೆಟೆ (ಸೊರಗು) ರೋಗದ ಶಿಲೀಂಧ್ರವು ಮಣ್ಣಿನಲ್ಲಿಯೂ ಹಳೆಯ ಕೂಳೆಗಳಲ್ಲಿಯೂ ವರ್ಷಗಟ್ಟಲೆ ಉಳಿಯುವುದರಿಂದ ಔಷಧಿ ಸಿಂಪರಣೆಯಿಂದ ಹತೋಟಿಗೆ ಬರುವಂತಹುದಲ್ಲ. ನಿರೋಧಕ ತಳಿಯೇ ಮುಖ್ಯ ಉಪಾಯ. ಮಹಾರಾಷ್ಟ್ರದ ಸ್ಥಳೀಯ ತಳಿಯೊಂದರಿಂದ ಆಯ್ಕೆಯಾದ ಐಸಿಪಿ 8863 ಎಂಬ ಮಾದರಿಯು ಈ ರೋಗವನ್ನು ತಡೆದುಕೊಳ್ಳುವುದೆಂದು ಕಂಡುಬಂದು, 1986ರಲ್ಲಿ ಕರ್ನಾಟಕದಲ್ಲಿ 'ಮಾರುತಿ' ಎಂಬ ಹೆಸರಿನಿಂದ ಬಿಡುಗಡೆಯಾಯಿತು. 1990ರ ದಶಕದ ಆರಂಭದ ವೇಳೆಗೆ ಅದು ಉತ್ತರ ಕರ್ನಾಟಕದ ತೊಗರಿ ಪ್ರದೇಶದಲ್ಲಿ ವ್ಯಾಪಕವಾಗಿ ಹರಡಿತ್ತು. ಮೂಲ ಬೀಜವನ್ನು ತಲೆಮಾರುಗಳಿಂದ ಕಾಯ್ದುಕೊಂಡು ಬಂದ ರೈತರ ಪಾತ್ರವನ್ನೂ ಇಲ್ಲಿ ಗಮನಿಸಬೇಕು.

ಒಪ್ಪಂದದ ಹಿನ್ನೆಲೆ

1983ರಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಘಟನೆಯು ಬೆಳೆ ತಳಿಗಳನ್ನು ಮನುಕುಲದ ಸಮಾನ ಸ್ವತ್ತೆಂದು ಪರಿಗಣಿಸಿತು. 1992ರ ಜೀವವೈವಿಧ್ಯ ಒಡಂಬಡಿಕೆಯು ಇದಕ್ಕೆ ಭಿನ್ನವಾಗಿ ಅವು ಆಯಾ ರಾಷ್ಟ್ರದ ಸಾರ್ವಭೌಮ ಹಕ್ಕಿಗೆ ಒಳಪಟ್ಟವು ಎಂದಿತು. ಎರಡನ್ನೂ ಹೊಂದಿಸುವ ಪ್ರಯತ್ನವಾಗಿ 2001ರ ನವೆಂಬರ್‌ನಲ್ಲಿ ಆಹಾರ ಮತ್ತು ಕೃಷಿಗಾಗಿ ಸಸ್ಯ ತಳಿ ಸಂಪನ್ಮೂಲಗಳ ಅಂತಾರಾಷ್ಟ್ರೀಯ ಒಪ್ಪಂದವನ್ನು ಅಂಗೀಕರಿಸಲಾಯಿತು. ಭಾರತವು 2002ರಲ್ಲಿ ಇದನ್ನು ಸ್ಥಿರೀಕರಿಸಿತು. 2004ರ ಜೂನ್ 29ರಂದು ಒಪ್ಪಂದ ಜಾರಿಗೆ ಬಂದಿತು. ಇಕ್ರಿಸ್ಯಾಟ್‌ನ ಸಂಗ್ರಹವು 2006ರಲ್ಲಿ ಇದರ ವ್ಯಾಪ್ತಿಗೆ ಸೇರಿತು. ಅಂದರೆ ಸದರಿ ಸಂಗ್ರಹದ ಬೀಜವನ್ನು ಯಾವುದೇ ದೇಶದ ತಳಿ ಅಭಿವೃದ್ಧಿಗಾರರು ಮಾದರಿ ಒಪ್ಪಂದಕ್ಕೆ ಸಹಿ ಹಾಕಿ ಪಡೆಯಬಹುದಾಗಿದೆ.

ಲೆಕ್ಕದಲ್ಲಿನ ಕೊರತೆ

ಬೀಜ ಹೊರಹೋಗುವ ಬಾಗಿಲು ಸುಗಮವಾಗಿದೆ; ಹಣ ಒಳಬರುವ ಬಾಗಿಲು ಮಾತ್ರ ಕಿರಿದು. ಭಂಡಾರದ ಬೀಜದಿಂದ ರೂಪಿಸಿದ ತಳಿಯನ್ನು ಇತರರು ಮುಂದಿನ ಸಂಶೋಧನೆಗೆ ಬಳಸದಂತೆ ನಿರ್ಬಂಧಿಸಿದಲ್ಲಿ ಮಾತ್ರ ಪಾವತಿ ಕಡ್ಡಾಯ. ಅದರ ಸಾಮಾನ್ಯ ದರ ಮಾರಾಟದ ಶೇ. 1.1ರಲ್ಲಿ ಶೇ. 30 ಕಡಿತದ ನಂತರದ ಮೊತ್ತ, ಅಂದರೆ 1 ಲಕ್ಷ ರೂಪಾಯಿ ಮಾರಾಟಕ್ಕೆ 770 ರೂಪಾಯಿ. ನಿರ್ಬಂಧ ಇಲ್ಲದಿದ್ದಲ್ಲಿ ಪಾವತಿ ಐಚ್ಛಿಕ. ಹೊಸ ತಳಿ ರೂಪುಗೊಳ್ಳಲು ಅನೇಕ ವರ್ಷಗಳು ಬೇಕಾಗುವುದರಿಂದ ವಸೂಲಾತಿ ಇನ್ನೂ ದೂರ ಸರಿಯುತ್ತದೆ. 2018ರಲ್ಲಿ ನೆದರ್ಲೆಂಡ್ಸ್‌ನ ತರಕಾರಿ ಬೀಜ ಸಂಸ್ಥೆಯೊಂದು 10 ತಳಿಗಳ ಬಾಬ್ತು ಸುಮಾರು 1.19 ಲಕ್ಷ ಡಾಲರ್ ಪಾವತಿಸಿದ್ದೇ ಸುದ್ದಿಯಾಯಿತು. ಜಗತ್ತಿನ ಬೀಜ ವ್ಯಾಪಾರದ ಗಾತ್ರದ ಮುಂದೆ ಇದು ಜಮಾ ಕಲಮಿನಲ್ಲಿ ಕಾಣದಷ್ಟು ಸಣ್ಣ ಮೊತ್ತ.

ಇನ್ನೆರಡು ಕೊರತೆಗಳಿವೆ. ಒಪ್ಪಂದದ ಮೊದಲನೇ ಅನುಬಂಧದಲ್ಲಿ ತೊಗರಿ, ಜೋಳ, ಕಡಲೆ ಸೇರಿವೆ; ಆದರೆ ಬೀದರ್ ಜಿಲ್ಲೆಯಲ್ಲಿ ಹೇರಳವಾಗಿ ಬೆಳೆಯುವ ಸೋಯಾಅವರೆ ಮತ್ತು ಕಬ್ಬು ಸೇರಿಲ್ಲ. ಎರಡನೆಯದಾಗಿ, ತೊಗರಿಯ ಜೀನೋಮ್ ವಿವರ 2011ರಲ್ಲಿಯೇ ಪ್ರಕಟವಾಗಿದೆ. ಬೀಜದ ಪೊಟ್ಟಣವನ್ನು ಮುಟ್ಟದೆ ಕಂಪ್ಯೂಟರ್‌ನಲ್ಲಿನ ಮಾಹಿತಿಯಿಂದಲೇ ಸಂಶೋಧನೆ ನಡೆಸುವವರಿಗೆ ಬೀಜದ ಮಾದರಿ ಒಪ್ಪಂದ ಅನ್ವಯಿಸುವುದೇ ಎಂಬುದು ತೀವ್ರ ವಿವಾದದ ವಿಷಯ.

ಸುಧಾರಣೆಯ ಪ್ರಯತ್ನ

2013ರಲ್ಲಿ ಈ ಲೋಪಗಳ ನಿವಾರಣೆಗೆ ಕಾರ್ಯತಂಡವೊಂದನ್ನು ರಚಿಸಲಾಯಿತು. ಭಂಡಾರದ ಬಳಕೆದಾರರು ಮುಂಗಡವಾಗಿಯೇ ವಾರ್ಷಿಕ ಚಂದಾ ನೀಡುವ ಪದ್ಧತಿ ಅದರ ಮುಖ್ಯ ಪ್ರಸ್ತಾವವಾಗಿತ್ತು. 2019ರ ರೋಮ್ ಅಧಿವೇಶನದಲ್ಲಿ ಸಹಮತ ಮೂಡಲಿಲ್ಲ. 2022ರ ಸೆಪ್ಟೆಂಬರ್‌ನಲ್ಲಿ ನವದೆಹಲಿಯ ಅಧಿವೇಶನದಲ್ಲಿ ಪ್ರಕ್ರಿಯೆಗೆ ಮರುಚಾಲನೆ ದೊರೆಯಿತು. ಒಪ್ಪಂದದ ಆಡಳಿತ ಮಂಡಳಿಯ ನಿರ್ಣಯಗಳು ಸರ್ವಸಮ್ಮತಿಯಿಂದಲೇ ಆಗಬೇಕಿರುವುದು ವಿಳಂಬಕ್ಕೆ ಒಂದು ಕಾರಣ: 150ಕ್ಕೂ ಅಧಿಕ ಸದಸ್ಯರ ಪೈಕಿ ಕೆಲವರು ಒಪ್ಪದಿದ್ದರೂ ಕಡತ ಮುಂದಕ್ಕೆ ಸಾಗುವುದಿಲ್ಲ. ಸಣ್ಣ ರಾಷ್ಟ್ರಗಳಿಗೆ ಇದೇ ನಿಯಮ ರಕ್ಷಣೆಯೂ ಆಗಿರುವುದರಿಂದ ಇದನ್ನು ಸುಲಭವಾಗಿ ಕೈಬಿಡಲಾಗದು. ಜೀವವೈವಿಧ್ಯ ಒಡಂಬಡಿಕೆಯಡಿ 2025ರ ಫೆಬ್ರವರಿಯಲ್ಲಿ ಆರಂಭವಾದ ಕಾಲಿ ನಿಧಿಯು ಜೀನೋಮ್ ಮಾಹಿತಿ ಬಳಸುವ ಉದ್ಯಮಗಳಿಂದ ವಂತಿಗೆ ನಿರೀಕ್ಷಿಸುತ್ತದೆಯಾದರೂ ಅದೂ ಕಡ್ಡಾಯವಲ್ಲ.

ರೈತರ ಗಮನಕ್ಕೆ

ಭಾರತದಲ್ಲಿ ಸಸ್ಯ ತಳಿಗಳ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಅಧಿನಿಯಮ, 2001ರ ಕಲಂ 39ರ ಪ್ರಕಾರ ರೈತರು ತಮ್ಮ ಬೆಳೆಯ ಬೀಜವನ್ನು ಉಳಿಸಿಕೊಳ್ಳಲು, ಬಿತ್ತಲು, ವಿನಿಮಯ ಮಾಡಲು ಹಾಗೂ ಮಾರಲು ಹಕ್ಕುಳ್ಳವರಾಗಿರುತ್ತಾರೆ. ಸಂರಕ್ಷಿತ ತಳಿಯ ಬೀಜವನ್ನು ಬ್ರ್ಯಾಂಡ್ ಹೆಸರಿನಲ್ಲಿ ಮಾರುವಂತಿಲ್ಲ. ತಲೆಮಾರುಗಳಿಂದ ಬೆಳೆದುಬಂದ ತೊಗರಿ, ಜೋಳ ಮುಂತಾದ ತಳಿಗಳನ್ನು 'ರೈತರ ತಳಿ' ಎಂದು ನವದೆಹಲಿಯ ಪ್ರಾಧಿಕಾರದಲ್ಲಿ ನೋಂದಾಯಿಸಬಹುದಾಗಿದ್ದು, ಇದಕ್ಕೆ ನೋಂದಣಿ ಶುಲ್ಕ ಇರುವುದಿಲ್ಲ. ಅರ್ಜಿಗೆ ಪಂಚಾಯತಿಯ ಜೀವವೈವಿಧ್ಯ ನಿರ್ವಹಣಾ ಸಮಿತಿ, ಜಿಲ್ಲಾ ಕೃಷಿ ಅಧಿಕಾರಿ ಅಥವಾ ಕೃಷಿ ವಿಶ್ವವಿದ್ಯಾಲಯದ ದೃಢೀಕರಣವನ್ನು ಲಗತ್ತಿಸತಕ್ಕದ್ದು. ಹೆಚ್ಚಿನ ವಿವರಗಳಿಗೆ ಆಯಾ ಹೋಬಳಿಯ ರೈತ ಸಂಪರ್ಕ ಕೇಂದ್ರವನ್ನು ಸಂಪರ್ಕಿಸಬಹುದು.